ಧಾರವಾಡದ ಮನೆಯಲ್ಲಿ ಮೂರು ಊರಿನ ಕ್ರಿಸ್‌ಮಸ್

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕ. ನಮ್ಮದು ಬಾಸೆಲ್ ಮಿಷನ್ ಎಂಬ ಸ್ವಿಸ್ ಪಾದ್ರಿಗಳ ಸಂಸ್ಥೆಯ ಕಾಲದಿಂದ ಬಂದ ಪ್ರಾಟೆಸ್ಟೆಂಟ್ ಮನೆತನ. ಹೆಂಡತಿ ಮಂಗಳೂರಿನ ಕಥೋಲಿಕ ಕುಟುಂಬದವಳು. ಮಗಳು ಪೋಲೆಂಡಿನ ಕ್ರಾಕೋವ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಈ ಡಿಸೆಂಬರಿನಲ್ಲಿ ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಮತ್ತು ಬೀಗತಿ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾರೆ. ಈಗಿನಿಂದಲೇ ವಾದ ಶುರುವಾಗಿದೆ. ಹೆಂಡತಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ಗೋದಲಿ, ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ (ಮಾಸ್) ಬೇಕು. 24ರ ಸಂಜೆ ಮಾಂಸವಿಲ್ಲದ ಹನ್ನೆರಡು ಬಗೆಯ ಊಟ ಆಗಲೇಬೇಕು ಎಂದು ಬೀಗತಿ ಹೇಳಿ ಕಳಿಸಿದ್ದಾರೆ. ನನಗೋ, ಬಾಗಿಲಲ್ಲಿ ನಕ್ಷತ್ರ, ಓಣಿಯಲ್ಲಿ ಹಾಡಿನ ಮೇಳ, 25ರ ಬೆಳಗಿನ ಆರಾಧನೆ ಇಲ್ಲದಿದ್ದರೆ ಹಬ್ಬ ಎನಿಸುವುದಿಲ್ಲ. ಇವುಗಳಲ್ಲಿ ಮೂಲದ್ದು ಯಾವುದು, ಆಮೇಲೆ ಸೇರಿದ್ದು ಯಾವುದು? ಕಲಸುಮೇಲೋಗರ ಮಾಡದೆ ಮೂರನ್ನೂ ಒಂದೇ ಮನೆಯಲ್ಲಿ ನಡೆಸಬಹುದೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ನಾನು ಕಾರ್ಕಳ ಕಡೆಯ ಕೊಂಕಣಿ ಕಥೋಲಿಕ ಮನೆಯಲ್ಲಿ ಹುಟ್ಟಿದವಳು. ಹಬ್ಬದ ಅಡುಗೆ, ಆಚರಣೆಗಳನ್ನು ಊರೂರು ತಿರುಗಿ ಕೇಳಿ ಬರೆದಿಟ್ಟುಕೊಳ್ಳುವುದರಲ್ಲೇ ನನ್ನ ಕೆಲಸದ ಬಹುಪಾಲು ವರ್ಷಗಳು ಕಳೆದಿವೆ. ಒಂದೇ ಸೂರಿನ ಕೆಳಗೆ ಮೂರು ಕ್ರಿಸ್‌ಮಸ್ ಕೂಡುವ ಮನೆಯ ಬಗ್ಗೆ ಕೇಳಿದರೆ ನನಗೆ ಸಂಭ್ರಮವೇ ಆಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ನಡೆಸಬಹುದು, ಚೆನ್ನಾಗಿಯೇ ನಡೆಸಬಹುದು. ನೀವು ಬರೆದದ್ದನ್ನೇ ಇನ್ನೊಮ್ಮೆ ನೋಡಿ. ಬೀಗತಿಯವರ ಹಬ್ಬ ಇರುವುದು 24ರ ಸಂಜೆ. ನಿಮ್ಮ ಹೆಂಡತಿಯದು ಅದೇ ದಿನದ ನಡುರಾತ್ರಿ, ಆಮೇಲೆ ಮರುದಿನ ಮಧ್ಯಾಹ್ನದ ಊಟ. ನಿಮ್ಮದು ಅದಕ್ಕೂ ಮುಂಚಿನ ಹಾಡಿನ ರಾತ್ರಿಗಳು ಮತ್ತು 25ರ ಬೆಳಗು. ಮೂರೂ ಬೇರೆ ಬೇರೆ ಹೊತ್ತಿನಲ್ಲಿ ಕುಳಿತಿವೆ. ಒಂದು ಇನ್ನೊಂದರ ಕಾಲು ತುಳಿಯುವುದು ಅಡುಗೆಮನೆಯಲ್ಲಿ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಮೂಲ ಯಾವುದು ಎಂಬುದಕ್ಕೆ ಸ್ವಲ್ಪ ದೂರ ಹೋಗಬೇಕು. ಬೈಬಲಿನ ಸುವಾರ್ತೆಗಳಲ್ಲಿ ಯೇಸು ಹುಟ್ಟಿದ ದಿನಾಂಕವಿಲ್ಲ, ತಿಂಗಳೂ ಇಲ್ಲ. ಡಿಸೆಂಬರ್ 25ನ್ನು ಹೆಸರಿಸುವ ಅತಿ ಹಳೆಯ ದಾಖಲೆ ರೋಮಿನದು. ಅಲ್ಲಿ ಕ್ರಿ.ಶ. 354ರಲ್ಲಿ ಒಂದು ಪಂಚಾಂಗವನ್ನು ಸಂಕಲಿಸಿದರು; ಅದರೊಳಗಿನ ಹಬ್ಬಗಳ ಪಟ್ಟಿ 336ರ ಹೊತ್ತಿನದು. ಆರ್ಮೇನಿಯದ ಚರ್ಚು ಇಂದಿಗೂ ಜನವರಿ 6ರಂದೇ ಕ್ರಿಸ್ತಜಯಂತಿ ಆಚರಿಸುತ್ತದೆ. ಇಥಿಯೋಪಿಯ, ಈಜಿಪ್ಟ್, ರಷ್ಯಗಳಲ್ಲಿ ಜನವರಿ 7. ಅವರು ಹಿಡಿದಿರುವ ಹಳೆಯ ಕಾಲಗಣನೆ ಈಗ ನಮ್ಮದಕ್ಕಿಂತ 13 ದಿನ ಹಿಂದಿದೆ. ಉಕ್ರೇನ್ 2023ರಲ್ಲಿ ಡಿಸೆಂಬರ್ 25ಕ್ಕೆ ಬದಲಾಯಿಸಿಕೊಂಡಿತು. ದಿನಾಂಕದ ಕತೆಯೇ ಹೀಗಿರುವಾಗ ಮಿಕ್ಕದ್ದರ ಬಗ್ಗೆ ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ.

ನೀವು ಶಿಕ್ಷಕರು, ಇದನ್ನು ನೀವೇ ತೆರೆದು ನೋಡಬಹುದು. ಲೂಕನ ಸುವಾರ್ತೆಯಲ್ಲಿ ಕುರುಬರಿದ್ದಾರೆ, ದೇವದೂತರಿದ್ದಾರೆ, ಮಗುವನ್ನು ಮಲಗಿಸಿದ ಗೋದಲಿ ಇದೆ, ನಕ್ಷತ್ರ ಇಲ್ಲ. ಮತ್ತಾಯನಲ್ಲಿ ನಕ್ಷತ್ರವಿದೆ, ಮೂಡಣದಿಂದ ಬಂದ ಜ್ಞಾನಿಗಳಿದ್ದಾರೆ. ಗೋದಲಿಯ ಮಾತೇ ಇಲ್ಲ. ಜ್ಞಾನಿಗಳು ಮೂವರು ಎಂದೂ ಅಲ್ಲಿ ಹೇಳಿಲ್ಲ, ಕಾಣಿಕೆ ಮೂರು ಎಂದಿದೆ ಅಷ್ಟೇ. ಎತ್ತು ಕತ್ತೆಗಳು ಈ ಎರಡರಲ್ಲೂ ಇಲ್ಲ. ‘ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ಯಜಮಾನನ ಗೋದಲಿಯನ್ನು ಬಲ್ಲದು’ ಎಂಬರ್ಥದ ಪ್ರವಾದಿ ಯೆಶಾಯನ ಮಾತಿನಿಂದ ಅವು ಚಿತ್ರದೊಳಗೆ ನಡೆದು ಬಂದವು. ಹಾಗಾಗಿ ನಿಮ್ಮ ಹೆಂಡತಿ ಲೂಕನನ್ನು ಹಿಡಿದಿದ್ದಾರೆ, ನೀವು ಮತ್ತಾಯನನ್ನು ಹಿಡಿದಿದ್ದೀರಿ. ಒಂದನ್ನು ಬಿಟ್ಟರೆ ಕತೆಯೇ ಅರ್ಧವಾಗುತ್ತದೆ.

ಗೋದಲಿಯನ್ನು ಕಣ್ಣಿಗೆ ಕಾಣುವಂತೆ ಕಟ್ಟುವ ಪದ್ಧತಿಗೆ ಹೆಸರು ತಂದವರು ಅಸ್ಸೀಸಿಯ ಸಂತ ಫ್ರಾನ್ಸಿಸ್. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ, 1223ರಲ್ಲಿ, ನಿಜವಾದ ಹುಲ್ಲು ತುಂಬಿ, ನಿಜವಾದ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿದರು. ಮನೆಯೊಳಗೆ ಮರ ನಿಲ್ಲಿಸುವುದು ಜರ್ಮನ್ ನಾಡಿನ ಪದ್ಧತಿ. ಸ್ಟ್ರಾಸ್‌ಬರ್ಗಿನ ಜನ ಕೋಣೆಯಲ್ಲಿ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬುಗಳನ್ನು ಕಟ್ಟುತ್ತಿದ್ದರು ಎಂಬ ಬರಹ 1605ರದು. ಮಂಗಳೂರಿನ ರೊಜಾರಿಯೊ ಚರ್ಚು ಆರಂಭವಾದದ್ದು 1568ರಲ್ಲಿ. ಅಂದರೆ ಸ್ಟ್ರಾಸ್‌ಬರ್ಗಿನ ಆ ಬರಹಕ್ಕಿಂತ ಮುಂಚೆಯೇ ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್ ಬಲಿಪೂಜೆ ನಡೆಯುತ್ತಿತ್ತು.

‘ಹೊರಗಿನಿಂದ ಬಂದದ್ದು’ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಬೀಗತಿಯವರು ಬಹುಶಃ ಪಿಯೆರ್ನಿಕ್ ಎಂಬ ಜೇನಿನ ಕೇಕು ತರುತ್ತಾರೆ. ಆ ಹೆಸರು ಹುಟ್ಟಿದ್ದು ‘ಮೆಣಸಿನ ಖಾರವುಳ್ಳದ್ದು’ ಎಂಬ ಹಳೆಯ ಪೋಲಿಷ್ ಮಾತಿನಿಂದ. ಮಲಬಾರ್ ಮತ್ತು ಕೆನರಾ ಕರಾವಳಿಯ ಕಾಳುಮೆಣಸು ಶತಮಾನಗಳ ಕಾಲ ಹಡಗು, ಒಂಟೆ, ಗಾಡಿಗಳನ್ನು ದಾಟಿ ಆ ಚಳಿನಾಡಿನ ಹಬ್ಬದ ಕೇಕಿನೊಳಗೆ ಸೇರಿತು. ಇತ್ತ ನಿಮ್ಮ ಹೆಂಡತಿ ಕರಿಯುವ ಹೂರಣದ ತಿಂಡಿ ನೆವ್ರ್ಯೊದಲ್ಲಿರುವ ಗೋಡಂಬಿ, ಮಾಂಸದ ಸಾರು ಬಾಫಾತಿನ ಒಣಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದವು. ಆದರೆ ನೆವ್ರ್ಯೊ ಎಂಬ ತಿಂಡಿ ಪೋರ್ಚುಗೀಸರಿಗಿಂತ ಹಳೆಯದು. ಗೋವಾದ ಹಿಂದೂ ಮನೆಗಳಲ್ಲಿ ಚೌತಿಗೆ ಮಾಡುವುದೂ ಅದನ್ನೇ, ನಿಮ್ಮ ಓಣಿಯಲ್ಲಿ ಕರ್ಚಿಕಾಯಿ ಎನ್ನುವುದೂ ಅದನ್ನೇ. ಬೀಗತಿ ಪಿಯೆರೋಗಿ ಎಂಬ ಕಡುಬು ಮಾಡಲು ಕೂತಾಗ ಗಮನಿಸಿ: ಹಿಟ್ಟು ಲಟ್ಟಿಸಿ, ಹೂರಣ ಇಟ್ಟು, ಅರ್ಧಚಂದ್ರದಂತೆ ಮಡಚಿ, ಅಂಚನ್ನು ಬೆರಳಿನಿಂದ ಹೆಣೆಯುತ್ತಾರೆ. ನಿಮ್ಮ ಹೆಂಡತಿಯ ಬೆರಳುಗಳು ಆ ಕೆಲಸವನ್ನು ಕಣ್ಣು ಮುಚ್ಚಿ ಮಾಡಬಲ್ಲವು. ಅಲ್ಲಿ ಬೇಯಿಸುತ್ತಾರೆ, ಇಲ್ಲಿ ಕರಿಯುತ್ತೇವೆ.

ನಿಮ್ಮ ಮನೆತನದ ಬಗೆಗೂ ಒಂದು ಮಾತು ಹೇಳಬೇಕು. ಉಳಿದಿಬ್ಬರ ಆಚರಣೆಯ ಮುಂದೆ ನಿಮ್ಮದು ಬಡವಾಯಿತು ಎಂಬ ಅಳುಕು ಪತ್ರದಲ್ಲಿ ಸುಳಿದಂತೆ ಕಂಡಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಮೂರ್ತಿಗಳ ಬಗ್ಗೆ ಅವರಿಗೆ ಸಂಕೋಚವಿತ್ತು, ಹಾಗಾಗಿ ನಿಮ್ಮಲ್ಲಿ ಗೋದಲಿ ಬೇರೂರಲಿಲ್ಲ. ಅವರು ನೆಚ್ಚಿದ್ದು ಮಾತನ್ನು ಮತ್ತು ಹಾಡನ್ನು. ಶಬ್ದಕೋಶದ ಕಿಟ್ಟೆಲ್ ಅವರು 1862ರಲ್ಲಿ ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡದ ಹಾಡಿನ ಧಾಟಿಗೆ ಅಳವಡಿಸಿದರು. ನನ್ನ ಅಜ್ಜಿಯ ಊರಿನ ಚರ್ಚಿನಲ್ಲಿ 1960ರ ದಶಕದವರೆಗೂ ಬಲಿಪೂಜೆಯ ಮಂತ್ರವೆಲ್ಲ ಲ್ಯಾಟಿನ್. ಅಜ್ಜಿಗೆ ಒಂದು ಶಬ್ದವೂ ಅರ್ಥವಾಗುತ್ತಿರಲಿಲ್ಲ, ಭಕ್ತಿಯಿಂದ ಕೂತಿರುತ್ತಿದ್ದಳು. ಅದಕ್ಕೂ ನೂರು ವರ್ಷ ಮೊದಲೇ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನಿಮ್ಮ ಹಿರಿಯರು ಕ್ರಿಸ್ತಜಯಂತಿಯನ್ನು ಅಚ್ಚ ಕನ್ನಡದಲ್ಲಿ ಹಾಡುತ್ತಿದ್ದರು. ಹಾರ್ಮೋನಿಯಂ, ತಬಲಾ, ತಾಳ ಹಿಡಿದು, ಹೊದಿಕೆ ಹೊದ್ದು, ಚಳಿಯಲ್ಲಿ ಮನೆಮನೆಗೆ ಹೋಗುವ ಆ ಮೇಳವನ್ನು ನಾನು ಕೇಳಿದ್ದೇನೆ. ಅದನ್ನು ಬಿಡಬೇಡಿ. ಮೊಮ್ಮಗಳನ್ನು ಒಂದು ರಾತ್ರಿಯಾದರೂ ಜೊತೆಗೆ ಕರೆದೊಯ್ಯಿರಿ, ಕೈಗೆ ತಾಳ ಕೊಡಿ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ನೀವು ಮಾಡಬೇಕಾದದ್ದು ಒಂದು ಹಿಡಿ ರಾಗಿ ಅಥವಾ ಗೋಧಿ ತಂದಿಡುವುದು.

ನಮ್ಮ ಕರಾವಳಿಯಲ್ಲಿ ಗೋದಲಿ ಕಟ್ಟುವ ಹತ್ತು ಹನ್ನೆರಡು ದಿನ ಮೊದಲೇ ಮಕ್ಕಳು ತಟ್ಟೆಯಲ್ಲಿ, ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ರಾಗಿ, ಭತ್ತ, ಹುರುಳಿ ಬಿತ್ತುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ಎದ್ದಿರುತ್ತದೆ. ಅದೇ ಬೆತ್ಲೆಹೇಮಿನ ಗದ್ದೆ, ಕುರುಬರು ಕುರಿ ಮೇಯಿಸುವ ಬಯಲು. ಇದು ನಮ್ಮ ಮಕ್ಕಳ ಆಟ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ಓದುತ್ತ ಹೋದಂತೆ ಬೆರಗಾಯಿತು. ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ದಿನ, ಮೂರು ಬಟ್ಟಲಿನಲ್ಲಿ ಗೋಧಿ ಮೊಳಕೆಗೆ ಇಡುತ್ತಾರೆ. ಕ್ರೊಯೇಷಿಯದಲ್ಲಿ ಡಿಸೆಂಬರ್ 13ರಂದು, ಸಂತ ಲೂಸಿಯಳ ದಿನ, ಗೋಧಿ ಬಿತ್ತಿ, ಬೆಳೆದ ಹಸಿರಿಗೆ ಬಣ್ಣದ ಪಟ್ಟಿ ಸುತ್ತಿ ನಡುವೆ ಮೇಣದಬತ್ತಿ ನಿಲ್ಲಿಸುತ್ತಾರೆ. ಮಾಲ್ಟಾ ದ್ವೀಪದಲ್ಲಿ ಕಾಳನ್ನು ಒದ್ದೆ ಹತ್ತಿಯ ಮೇಲೆ ಹರಡಿ ಕತ್ತಲೆಯ ಕಪಾಟಿನಲ್ಲಿಡುತ್ತಾರೆ. ಬೆಳಕು ಕಾಣದ ಆ ಮೊಳಕೆ ಹಸಿರಾಗದೆ ಬೆಳ್ಳಗೆ, ಮುದುಕನ ಗಡ್ಡದಂತೆ ಉದ್ದ ಬೆಳೆಯುತ್ತದೆ. ಅದನ್ನು ಬಾಲಯೇಸುವಿನ ಪಕ್ಕದಲ್ಲಿಡುತ್ತಾರೆ. ಇನ್ನು ಧಾರವಾಡದಲ್ಲಿ ಇದನ್ನು ಕಲಿಯಲು ನೀವು ಎಲ್ಲಿಗೂ ಹೋಗಬೇಕಿಲ್ಲ. ನವರಾತ್ರಿಯಲ್ಲಿ ಘಟ್ಟ ಹಾಕುವ ನೆರೆಮನೆಯ ತಾಯಂದಿರನ್ನು ಕೇಳಿ. ಒಂಬತ್ತು ದಿನಕ್ಕೆ ಕಾಳು ಎಷ್ಟು ಬೆಳೆಯಬೇಕು, ನೀರು ಎಷ್ಟು ಚಿಮುಕಿಸಬೇಕು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ನಿಮ್ಮ ಊರಿನ ಡಿಸೆಂಬರ್ ರಾತ್ರಿ ನಮ್ಮ ಕರಾವಳಿಗಿಂತ ತಣ್ಣಗೆ, ಮೊಳಕೆ ನಿಧಾನ. ಆದ್ದರಿಂದ 12ರ ರಾತ್ರಿ ಕಾಳನ್ನು ನೆನೆಹಾಕಿ, 13ರ ಬೆಳಿಗ್ಗೆ ಬಿತ್ತಿರಿ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಕಾಳು ಒಂದರ ಪಕ್ಕ ಒಂದು ತಾಗುವಷ್ಟು ದಟ್ಟವಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಎರಡು ದಿನ ಒದ್ದೆ ಬಟ್ಟೆ ಹೊದಿಸಿಡಿ. ಮೂರನೆಯ ದಿನ ಬಟ್ಟೆ ತೆಗೆದರೆ ಮಣ್ಣು ಅಲ್ಲಲ್ಲಿ ಬಿರುಕು ಬಿಟ್ಟು, ಸೂಜಿಯಂಥ ಬಿಳಿ ಮೊನೆಗಳು ತಲೆ ಎತ್ತಿರುತ್ತವೆ. ಅಂದಿನಿಂದ ಬೆಳಗಿನ ಬಿಸಿಲಿಗಿಡಿ. ನೀರನ್ನು ಸುರಿಯಬಾರದು, ಕೈಯಲ್ಲಿ ಚಿಮುಕಿಸಬೇಕು. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರಿ ಕೊಳೆಯುತ್ತದೆ. ಮೊಮ್ಮಗಳು ಮೊದಲೇ ಬಂದಿದ್ದರೆ ಈ ಕೆಲಸ ಪೂರ್ತಿ ಅವಳದೇ ಆಗಲಿ. ಇನ್ನೊಂದು ಮಾತು, ಅವಳು ಕ್ರಾಕೋವ್‌ನ ಮಗು. ಆ ನಗರದಲ್ಲಿ ಷೋಪ್ಕಾ ಎಂಬ ಗೋದಲಿಗಳನ್ನು ಹೊಳೆಯುವ ಬಣ್ಣದ ಕಾಗದದಿಂದ, ಅಲ್ಲಿಯ ಚರ್ಚಿನ ಗೋಪುರಗಳಂತೆಯೇ ಎತ್ತರವಾಗಿ ಕಟ್ಟುತ್ತಾರೆ. 1937ರಿಂದ ಅದರ ಸ್ಪರ್ಧೆಯೇ ನಡೆಯುತ್ತದೆ. 2018ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗಾಗಿ ಗೋದಲಿಯ ಹಿಂಬದಿಯ ಕಟ್ಟಡವನ್ನು ಅವಳು ತನ್ನ ಊರಿನಂತೆ ಕಟ್ಟಲಿ, ಮುಂದಿನ ಗದ್ದೆ ರಾಗಿಯದಿರಲಿ, ಮೇಲೆ ತೂಗುವ ನಕ್ಷತ್ರ ಅಜ್ಜನದಿರಲಿ. ನಕ್ಷತ್ರವನ್ನು ದಯವಿಟ್ಟು ಅಂಗಡಿಯಿಂದ ತರಬೇಡಿ. ಹತ್ತು ಬಿದಿರಿನ ಕಡ್ಡಿಗಳಿಂದ ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ಐದೂ ತುದಿಗಳನ್ನು ಜೋಡಿಸಿ ಬಿಗಿದು, ಒಳಗಿನ ಐದು ಕೂಡುಗಳಲ್ಲಿ ಗೇಣುದ್ದದ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿದ ನಕ್ಷತ್ರ ತಾನೇ ನಿಲ್ಲುತ್ತದೆ. ಮೈದಾ ಅಂಟು ಕಾಯಿಸಿ ಬಣ್ಣದ ಕಾಗದ ಹಚ್ಚಿ. ಫಿಲಿಪ್ಪೀನ್ಸಿನ ಮಕ್ಕಳೂ ‘ಪರೋಲ್’ ಎಂಬ ನಕ್ಷತ್ರದೀಪವನ್ನು ಇದೇ ರೀತಿ ಬಿದಿರು, ಕಾಗದದಿಂದಲೇ ಕಟ್ಟುತ್ತಾರೆ. ಅಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ನಸುಕಿನಲ್ಲೇ ಎದ್ದು ಚರ್ಚಿಗೆ ಹೋಗುವ ವಾಡಿಕೆ ಇದೆ.

ಕುಸ್ವಾರಿನ ಬಗ್ಗೆ ನಿಮ್ಮ ಹೆಂಡತಿಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಬೀಗತಿಯವರಿಗೆ ಹೇಳಲು ಬೇಕಾದೀತು ಎಂದು ಬರೆಯುತ್ತೇನೆ. ಕುಸ್ವಾರ್ ಒಂದು ತಿಂಡಿಯ ಹೆಸರಲ್ಲ, ಹಬ್ಬದ ತಿಂಡಿಗಳ ಇಡೀ ತಟ್ಟೆಯ ಹೆಸರು. ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಕೊಕ್ಕಿಸಾಂ, ಪ್ಲಮ್ ಕೇಕು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಅಥವಾ ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡುವ ಕಿಡ್ಯೊ ಮಕ್ಕಳ ಪಾಲಿನ ಕೆಲಸ. ಕೊಕ್ಕಿಸಾಂ ಮಾತ್ರ ಪಳಗಿದ ಕೈಯನ್ನೇ ಕೇಳುತ್ತದೆ. ಅಕ್ಕಿ ಹಿಟ್ಟು, ಮೈದಾ, ಗಟ್ಟಿ ತೆಂಗಿನಹಾಲು, ಮೊಟ್ಟೆ, ಸಕ್ಕರೆ, ಸ್ವಲ್ಪ ಎಳ್ಳು ಕೂಡಿಸಿ ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಕಲಸಬೇಕು. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿಟ್ಟು, ಚೆನ್ನಾಗಿ ಬಿಸಿಯಾದ ಮೇಲೆ ಎತ್ತಿ, ಎಣ್ಣೆ ಒಂದೆರಡು ಹನಿ ಜಾರಿದ ಕೂಡಲೇ ಹಿಟ್ಟಿಗೆ ಅದ್ದಬೇಕು. ಮುಕ್ಕಾಲು ಭಾಗ ಮಾತ್ರ. ಹಿಟ್ಟು ಅಚ್ಚಿನ ತಲೆಯನ್ನು ದಾಟಿದರೆ ಮೇಲೆ ಮುಚ್ಚಳದಂತೆ ಬಿಗಿದುಕೊಳ್ಳುತ್ತದೆ, ಹೂವು ಬಿಡುವುದೇ ಇಲ್ಲ. ಅದ್ದಿದಾಗ ‘ಚುಂಯ್’ ಎಂಬ ಸಣ್ಣ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹಿಡಿಯದು. ಜೋರಾಗಿ ಸಿಡಿದರೆ ಅಚ್ಚು ಅತಿಯಾಗಿ ಕಾದಿದೆ, ಆಗಲೂ ಹಿಡಿಯದು. ಸರಿಯಾಗಿ ಹಿಡಿದ ಹಿಟ್ಟನ್ನು ಮತ್ತೆ ಎಣ್ಣೆಗಿಳಿಸಿ, ಕೆಲವು ಕ್ಷಣ ಬಿಟ್ಟು, ಹಿಡಿಕೆಯನ್ನು ಮೆಲ್ಲಗೆ ಅಲುಗಿಸಿದರೆ ಹೂವು ತಾನಾಗಿ ಕಳಚಿ ತೇಲುತ್ತದೆ. ಅಜ್ಜಿ ಆ ಅಚ್ಚನ್ನು ವರ್ಷವಿಡೀ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದಳು, ಸೋಪು ಹಚ್ಚಿ ತೊಳೆಯಲು ಯಾರಿಗೂ ಬಿಡುತ್ತಿರಲಿಲ್ಲ. ಅದೇ ಅಚ್ಚು ಇಂದು ನನ್ನ ಬಳಿ ಇದೆ.

ಇದೇ ಹೂವು ಕೇರಳದಲ್ಲಿ ಅಚ್ಚಪ್ಪಂ. ಬೆಂಗಳೂರು, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ರೋಸ್ ಕುಕ್ಕಿ. ಶ್ರೀಲಂಕಾದಲ್ಲಿ ಕೊಕಿಸ್, ಅಲ್ಲಿ ಅದು ಸಿಂಹಳ ಹೊಸವರ್ಷದ ತಿಂಡಿ, ಹೆಸರು ಡಚ್ಚರ ‘ಕೂಕ್ಯೆಸ್’ನಿಂದ ಬಂದದ್ದು. ನಮ್ಮ ಕೊಕ್ಕಿಸಾಂ ಎಂಬ ಹೆಸರಿನ ನಂಟು ಕಿವಿಗೇ ಕೇಳಿಸುತ್ತದೆ. ನಾರ್ವೆಯಲ್ಲಿ ಕ್ರಿಸ್‌ಮಸ್‌ಗೆ ಇದೇ ಅಚ್ಚು, ಇದೇ ಹೂವು, ಮೇಲೆ ಸಕ್ಕರೆ ಪುಡಿ. ಮೆಕ್ಸಿಕೊದಲ್ಲಿ ದಾಲ್ಚಿನ್ನಿ ಸಕ್ಕರೆ. ಇರಾನಿನಲ್ಲಿ ನೌರೋಜ್ ಹಬ್ಬಕ್ಕೆ ಮಾಡುತ್ತಾರೆ.

ಇನ್ನು ಬೀಗತಿಯವರ ಸಂಜೆಯೂಟ. ಅದಕ್ಕೆ ವಿಗಿಲಿಯಾ ಎನ್ನುತ್ತಾರೆ, ಅಂದರೆ ಜಾಗರಣೆ. ಹಬ್ಬದ ಹಿಂದಿನ ದಿನ ಮಾಂಸ ಬಿಡಬೇಕೆಂಬ ಚರ್ಚಿನ ಹಳೆಯ ಕಟ್ಟಳೆಯಿಂದ ಅದು ಹುಟ್ಟಿತು. ಕಟ್ಟಳೆ ಸಡಿಲವಾದರೂ ಪೋಲಿಷ್ ಮನೆಗಳು ಬಿಟ್ಟಿಲ್ಲ. ಪ್ರೊವಾನ್ಸಿನಲ್ಲೂ ಅಂದಿನ ಊಟ ಮಾಂಸವಿಲ್ಲದ್ದು, ಆಮೇಲೆ ಹದಿಮೂರು ಸಿಹಿಗಳು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದ 24ರವರೆಗೂ ನೋಂಬು, ಅಂದರೆ ಉಪವಾಸದ ವ್ರತ. ಇಥಿಯೋಪಿಯದಲ್ಲಿ 43 ದಿನ. ಆದ್ದರಿಂದ ಬೀಗತಿಯವರ ಹಟವನ್ನು ಹಟವೆಂದು ಎಣಿಸಬೇಡಿ. ನಮ್ಮಲ್ಲಿ ಏಕಾದಶಿ ಹಿಡಿಯುವ ಹಿರಿಯರ ನಿಷ್ಠೆ ಅದು. ಹನ್ನೆರಡು ಎಂಬುದು ಹನ್ನೆರಡು ಶಿಷ್ಯರ ಲೆಕ್ಕ ಎನ್ನುತ್ತಾರೆ, ವರ್ಷದ ತಿಂಗಳುಗಳ ಲೆಕ್ಕ ಎನ್ನುವವರೂ ಇದ್ದಾರೆ.

ಧಾರವಾಡದಲ್ಲಿ ಮಾಂಸವಿಲ್ಲದ ಹನ್ನೆರಡು ಬಗೆಗೆ ಏನು ಬರ! ಬೀಟ್‌ರೂಟಿನ ಕೆಂಪು ಸಾರು, ಪಿಯೆರೋಗಿ, ಎಲೆಕೋಸು ಬಟಾಣಿ, ಒಣಹಣ್ಣು ಕುದಿಸಿದ ಪಾನಕ ಅವರದಾಗಲಿ. ಮೀನನ್ನು ಅವರು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಂದು ಕಾರ್ಪ್ ಮೀನು ಇರಲೇಬೇಕು. ನಮ್ಮ ಜಲಾಶಯಗಳ ಸಾಮಾನ್ಯ ಗೆಂಡೆ ಎಂದರೆ ಅದೇ ಮೀನು. ಅದು ಸಿಗದಿದ್ದರೆ ಕಾಟ್ಲಾ, ರೋಹು ಅದರ ಬಳಗದವೇ. ಉಳಿದದ್ದಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಮತ್ತು ಗೋಧಿ ಹುಗ್ಗಿ.

ಈ ಹುಗ್ಗಿಯ ಹತ್ತಿರ ಒಂದು ಕ್ಷಣ ನಿಲ್ಲಬೇಕು. ಪೋಲೆಂಡಿನ ಪೂರ್ವ ಭಾಗದಲ್ಲಿ, ಉಕ್ರೇನಿನಲ್ಲಿ, ಈ ಸಂಜೆ ಕುತಿಯಾ ಎಂಬ ಸಿಹಿ ಮಾಡುತ್ತಾರೆ. ಸಿಪ್ಪೆ ತೆಗೆದ ಗೋಧಿಯನ್ನು ನೆನೆಹಾಕಿ, ಮೆತ್ತಗೆ ಬೇಯಿಸಿ, ಜೇನು, ಅರೆದ ಗಸಗಸೆ, ಬೀಜಗಳನ್ನು ಬೆರೆಸುತ್ತಾರೆ. ನೀವು ಕುಟ್ಟಿದ ಗೋಧಿಯನ್ನು ನೆನೆಹಾಕಿ, ಬೇಯಿಸಿ, ಬೆಲ್ಲ, ಗಸಗಸೆ, ಕೊಬ್ಬರಿ, ಏಲಕ್ಕಿ ಹಾಕುತ್ತೀರಿ. ಬೆಲ್ಲದ ಜಾಗದಲ್ಲಿ ಜೇನು ಎನ್ನುವುದು ಬಿಟ್ಟರೆ ಎರಡೂ ಒಂದೇ ಹೊಟ್ಟೆಯ ಮಕ್ಕಳಂತಿವೆ. ಒಂದನ್ನು ನೋಡಿ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಗೋಧಿ ಬೆಳೆಯುವ ಎರಡು ನಾಡುಗಳು ಹಬ್ಬದ ದಿನ ಮನೆಯ ಕಾಳನ್ನೇ ಸಿಹಿ ಮಾಡಿಕೊಂಡವು. ಬೀಗತಿಯವರ ಮುಂದೆ ಹುಗ್ಗಿಯ ಬಟ್ಟಲು ಇಟ್ಟು, ಅವರು ಮೊದಲ ತುತ್ತು ಬಾಯಿಗಿಡುವಾಗ ಮುಖ ನೋಡಿ. ಹಾಗೆಯೇ ಮಗಳಿಗೆ ಈಗಲೇ ಬರೆದು ತಿಳಿಸಿ: ಗಸಗಸೆಯನ್ನು ಅಲ್ಲಿಂದ ತರುವುದು ಬೇಡ. ವಿಮಾನ ದುಬೈ ಮಾರ್ಗವಾಗಿ ಬರುವುದಾದರೆ ಆ ದೇಶದಲ್ಲಿ ಗಸಗಸೆ ನಿಷಿದ್ಧ ವಸ್ತು, ಸಂಕಟಕ್ಕೆ ಸಿಕ್ಕಬೇಕಾದೀತು. ನಿಮ್ಮ ಕಿರಾಣಿ ಅಂಗಡಿಯ ಬಿಳಿ ಗಸಗಸೆಯೇ ಸಾಕು.

ಅವರು ತರಲೇಬೇಕಾದದ್ದು ಒಂದೇ, ಒಪ್ವಾತೆಕ್. ಅದು ಕಾಗದದಷ್ಟು ತೆಳ್ಳಗಿನ ಬಿಳಿ ರೊಟ್ಟಿ, ಮೇಲೆ ಗೋದಲಿಯ ಚಿತ್ರ ಅಚ್ಚೊತ್ತಿರುತ್ತದೆ. ಊಟಕ್ಕೆ ಮುನ್ನ ಪ್ರತಿಯೊಬ್ಬರೂ ಒಂದೊಂದು ಹಿಡಿದು, ಒಬ್ಬರ ಬಳಿ ಇನ್ನೊಬ್ಬರು ಹೋಗಿ, ಅವರದರಲ್ಲಿ ಒಂದು ಚೂರು ಮುರಿದುಕೊಂಡು, ತಮ್ಮದರಲ್ಲಿ ಒಂದು ಚೂರು ಕೊಟ್ಟು ಹರಸುತ್ತಾರೆ. ವರ್ಷದಲ್ಲಿ ಆಡಿದ ಒರಟು ಮಾತಿಗೆ ಕ್ಷಮೆ ಕೇಳುವುದೂ ಆಗಲೇ. ಇದು ಚರ್ಚಿನ ಪರಮಪ್ರಸಾದದಂತೆ ಕಂಡು ನಿಮಗೆ ಹಿಂಜರಿಕೆ ಆಗಬಹುದು. ಅದೇ ಬಗೆಯ ರೊಟ್ಟಿ ಹೌದು, ಆದರೆ ಬಲಿಪೂಜೆಯಲ್ಲಿ ಅರ್ಪಿತವಾದದ್ದಲ್ಲ, ಮನೆಯ ರೊಟ್ಟಿ. ಪ್ರಾಟೆಸ್ಟೆಂಟರಾದ ನೀವೂ ನಿಸ್ಸಂಕೋಚವಾಗಿ ಹಂಚಿಕೊಳ್ಳಬಹುದು. ಹಳ್ಳಿಗಳಲ್ಲಿ ಬಣ್ಣದ ಒಪ್ವಾತೆಕ್ಕನ್ನು ದನಕರುಗಳಿಗೂ ಕೊಡುತ್ತಾರೆ, ಆ ರಾತ್ರಿ ಅವು ಮನುಷ್ಯರಂತೆ ಮಾತನಾಡುತ್ತವೆ ಎಂಬ ನಂಬಿಕೆ ಇದೆ.

ಮೇಜಿನ ಬಟ್ಟೆಯ ಕೆಳಗೆ ಅವರು ಒಂದು ಹಿಡಿ ಒಣಹುಲ್ಲು ಹರಡುತ್ತಾರೆ. ನಿಮಗೆ ಹುಲ್ಲಿಗೇನೂ ಕೊರತೆಯಿಲ್ಲ. ಗೋದಲಿ ಎಂದರೆ ದನ ಮೇಯುವ ತೊಟ್ಟಿ ತಾನೇ? ಊಟದ ಮೇಜನ್ನೇ ಅವರು ಗೋದಲಿ ಮಾಡುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ತನಕ ಯಾರೂ ಕೂರುವಂತಿಲ್ಲ. ಅದನ್ನು ಹುಡುಕುವುದು ಮನೆಯ ಅತಿ ಚಿಕ್ಕ ಮಗುವಿನ ಕೆಲಸ. ಕ್ರಾಕೋವ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆದರೆ ಮೋಡ ಹಿಮ ಇದ್ದರೆ ನಕ್ಷತ್ರ ಕಾಣುವುದೇ ಕಷ್ಟ. ನಿಮ್ಮಲ್ಲಿ ಆರೂವರೆಯ ಹೊತ್ತಿಗೆ ಮಾಳಿಗೆ ಹತ್ತಿದರೆ ಸಾಕು. ಮೊಮ್ಮಗಳೊಂದಿಗೆ ನೀವೇ ಹತ್ತಿರಿ, ಮತ್ತಾಯನ ನಕ್ಷತ್ರದ ಕತೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಎಂಟು ಗಂಟೆಗೆ ಊಟ ಮುಗಿಯುತ್ತದೆ. ಒಂದು ಸಣ್ಣ ನಿದ್ದೆ ಮಾಡಿ ಎಲ್ಲರೂ ರಾತ್ರಿಯ ಬಲಿಪೂಜೆಗೆ ಹೋಗಬಹುದು. ಅದಿಲ್ಲದೆ ಬೀಗತಿಗೂ ಹಬ್ಬವಿಲ್ಲ, ಅವರದನ್ನು ಪಾಸ್ತೆರ್ಕಾ, ಅಂದರೆ ಕುರುಬರ ಪೂಜೆ ಎನ್ನುತ್ತಾರೆ. ಈ ವಿಷಯದಲ್ಲಿ ಬೀಗತಿಯರಿಬ್ಬರೂ ಒಂದೇ ಪಕ್ಷ. ಬೆಳಿಗ್ಗೆ ಅವರೆಲ್ಲ ನಿಮ್ಮೊಂದಿಗೆ ನಿಮ್ಮ ಚರ್ಚಿಗೆ ಬರಲಿ ಎಂದು ಈಗಲೇ ಕೇಳಿಕೊಳ್ಳಿ, ಕೊನೆಗಳಿಗೆಗೆ ಬಿಡಬೇಡಿ. ಇಂಥ ಮಾತು ತಡವಾದಷ್ಟೂ ನೋವಿಗೆ ದಾರಿಯಾಗುತ್ತದೆ.

ಅಡುಗೆಮನೆಯ ತೊಡಕು ಎಂದೆನಲ್ಲ, ಅದು ಹಂದಿಮಾಂಸದ ಬಾಫಾತ್. 25ರ ಮಧ್ಯಾಹ್ನ ಸಾನ್ನಾಂ ಎಂಬ ಇಡ್ಲಿಯಂಥ ತಿಂಡಿಯ ಜೊತೆ ಅದು ಬೇಕೇ ಬೇಕು. ಆದರೆ 24ರ ಸಂಜೆ ಮಾಂಸದ ಪರಿಮಳ ಮನೆ ತುಂಬಿದರೆ ವಿಗಿಲಿಯಾದ ಶೀಲಕ್ಕೆ ಪೆಟ್ಟು. ಪರಿಹಾರ ಸುಲಭ: 23ರಂದೇ ಮಾಡಿ ಮುಗಿಸಿ ಫ್ರಿಜ್ಜಿನಲ್ಲಿಡಿ. ಹುಳಿ, ಮಸಾಲೆ ಒಳಗಿಳಿದು ಬಾಫಾತ್ ಎರಡನೆಯ ದಿನವೇ ರುಚಿ ಎಂದು ಕರಾವಳಿಯ ಪ್ರತಿ ಮನೆಯಲ್ಲೂ ಹೇಳುತ್ತಾರೆ. 25ರ ಬೆಳಿಗ್ಗೆ ಬಿಸಿ ಮಾಡಿದರಾಯಿತು. ಸಾನ್ನಾಂ ಹಿಟ್ಟು ಉಬ್ಬಲು ನಮ್ಮಲ್ಲಿ ಶೇಂದಿ ಹಾಕುತ್ತೇವೆ. ನಿಮ್ಮಲ್ಲಿ ಯೀಸ್ಟ್ ಸಾಕು.

ಉಡುಗೊರೆ ತರುವವರು ಯಾರು ಎಂದು ಮಗು ಕೇಳಿದರೆ ಗಾಬರಿಯಾಗಬೇಡಿ. ಕ್ರಾಕೋವ್ ಕಡೆ 24ರ ಊಟದ ನಂತರ ಉಡುಗೊರೆ ತರುವುದು ಒಬ್ಬ ಪುಟ್ಟ ದೇವದೂತ. ಸಂತ ನಿಕೋಲಾಸರದು ಡಿಸೆಂಬರ್ 6, ಅದು ಬೇರೆಯೇ ದಿನ. ಇಟಲಿಯಲ್ಲಿ ಬೆಫಾನಾ ಎಂಬ ಮುದುಕಿ, ಸ್ಪೇನಿನಲ್ಲಿ ಮೂವರು ಅರಸರು, ಇಬ್ಬರದೂ ಜನವರಿ 6. ನನ್ನ ಬಾಲ್ಯದಲ್ಲಿ ಯಾರೂ ಬರುತ್ತಿರಲಿಲ್ಲ. ಅಪ್ಪ ಕೊಡಿಸಿದ ಹೊಸ ಅಂಗಿ, ಅಷ್ಟೇ. ಮಗುವಿಗೆ ಅವಳ ದೇವದೂತನೇ ಇರಲಿ.

ಇನ್ನು ಒಂದು ಕುರ್ಚಿ, ಒಂದು ತಟ್ಟೆ ಉಳಿಯಿತು. ವಿಗಿಲಿಯಾದ ಮೇಜಿನಲ್ಲಿ ಒಂದು ಜಾಗವನ್ನು ಖಾಲಿ ಬಿಡುತ್ತಾರೆ, ಹೇಳದೆ ಬರುವ ಅತಿಥಿಗಾಗಿ. ನಮ್ಮ ಕಡೆ ಅತಿಥಿಗಾಗಿ ಕಾಯುವುದಿಲ್ಲ, ತಟ್ಟೆಯೇ ಅತಿಥಿಯ ಮನೆಗೆ ಹೋಗುತ್ತದೆ. ಕುಸ್ವಾರ್ ಜೋಡಿಸಿ, ಕಸೂತಿಯ ಬಿಳಿ ಬಟ್ಟೆ ಮುಚ್ಚಿ, ಎಡಬಲದ ಹಿಂದೂ, ಮುಸ್ಲಿಂ ಮನೆಗಳಿಗೆ ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದರು. ಯಾವ ಮನೆಯವರು ಮೊಟ್ಟೆ ತಿನ್ನುವುದಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಆ ತಟ್ಟೆಯಲ್ಲಿ ಕೇಕು, ಕೊಕ್ಕಿಸಾಂ ಇರುತ್ತಿರಲಿಲ್ಲ, ಎಳ್ಳಿನ ಲಾಡು ಹೆಚ್ಚಿರುತ್ತಿತ್ತು. ತಟ್ಟೆ ಎಂದೂ ಬರಿದಾಗಿ ಮರಳುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. 24ರ ಮಧ್ಯಾಹ್ನ ಮೊಮ್ಮಗಳ ಕೈಗೆ ಅಂಥ ಒಂದು ತಟ್ಟೆ ಕೊಟ್ಟು, ಘಟ್ಟ ಹಾಕುವುದನ್ನು ಹೇಳಿಕೊಟ್ಟ ನೆರೆಮನೆಯ ತಾಯಿಯ ಬಳಿಗೆ ಕಳಿಸಿ. ಅವರು ಸಂಜೆ ಬರುವಂತಿದ್ದರೆ ಖಾಲಿ ಕುರ್ಚಿ ಇದ್ದೇ ಇದೆ.